ಮನ್ಮಥಪ್ಪ ಮಾಸ್ತರರ ನಲವತ್ತೊಂಬತ್ತು ಬಾಗಿಲುಗಳು

ಭಾಲ್ಕಿಯ ಮನ್ಮಥಪ್ಪ ಮಾಸ್ತರರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಆದರೆ ಅವರು ಒಳ್ಳೆಯದು ಮಾಡಲು ಹೊರಟರೆಂದರೆ ಊರಿನ ಅನುಭವಸ್ಥರು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ತಮ್ಮ ಲಗ್ನದ ದಿವಸ ಔರಾದಿನಲ್ಲಿ ಹೆಣ್ಣಿನ ಮನೆಯೆಂದು ತಿಳಿದು ಅದೇ ಓಣಿಯ ಇನ್ನೊಂದು ಮದುವೆಮನೆ ಹೊಕ್ಕು, ಅಲ್ಲಿ ಕಾಲು ತೊಳೆಸಿಕೊಂಡು, ಬೆಲ್ಲ ತಿಂದು ನೀರು ಕುಡಿದು, ಎದುರು ಕೂತ ನಿಜವಾದ ಮದುಮಗನಿಗೆ “ನೀವು ಯಾರ ಕಡೀಯವ್ರ್ರಿ?” ಎಂದು ಕೇಳಿದ ಮಹಾನುಭಾವರು ಅವರು. ಅಂದಿನಿಂದ ಮಾವ ಮಲ್ಲಿಕಾರ್ಜುನಪ್ಪನವರು, “ಲಗ್ನದ ಮನಿ ಬಾಗಲ ಸಿಗದವಗ ಮಗಳು ಕೊಟ್ಟೀನಿ” ಎಂದು ಕಂಡವರ ಮುಂದೆಲ್ಲ ಹೇಳುತ್ತ, ಆರು ವರ್ಷಗಳಿಂದ ಅಳಿಯನ ಹೊಸ್ತಿಲು ತುಳಿದಿರಲಿಲ್ಲ.

ನಿಜಾಮ ಸರ್ಕಾರದ ಫಸಲಿ ಸಾವಿರದ ಮುನ್ನೂರ ಮೂವತ್ತಾರನೆಯ ವರ್ಷದ, ಅಂದರೆ ಇಸವಿ ಸಾವಿರದ ಒಂಬೈನೂರ ಇಪ್ಪತ್ತಾರರ, ಚಳಿಗಾಲದಲ್ಲಿ ಮಾಸ್ತರರಿಗೆ ಒಂದು ಚಿಂತೆ ಹತ್ತಿತು. ಅವರದು ಸಣ್ಣ ಮಕ್ಕಳ ಸರ್ಕಾರಿ ಸಾಲೆ. ‘ಅ’ ಎಂದು ಹಲಗೆಯ ಮೇಲೆ ಬರೆದರೆ ಮಕ್ಕಳು ‘ಆ’ ಎಂದು ಆಕಳಿಸುತ್ತಿದ್ದರು. ಮೊದಮೊದಲು ಮಾಸ್ತರರು ಇದನ್ನೇ ದೀರ್ಘಾಕ್ಷರದ ಉಚ್ಚಾರವೆಂದು ತಿಳಿದು ಸಂತೋಷಪಟ್ಟಿದ್ದರು. ‘ಇ’ ಬರೆದಾಗಲೂ ಅದೇ ಸ್ವರ ಬಂದಾಗ ಮಾತ್ರ ಅವರಿಗೆ ಸಂಶಯ ಬಂತು.

ಹೀಗಿರುವಾಗ ಒಂದು ಶುಕ್ರವಾರ, ಸಾಲೆಯ ಸೂಟಿಯ ದಿನ, ಸುಣ್ಣದ ಕಡ್ಡಿ ತರಲು ಬೀದರಕ್ಕೆ ಹೋದವರು ಮಿಶನ್ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದ ನವೊಮಿ ಟೀಚರನ್ನು ಕಂಡರು. ಆಕೆಯ ಮೇಜಿನ ಮೇಲೆ ವಿಲಾಯತಿಯಿಂದ ಯಾರೋ ಕಳಿಸಿದ ಒಂದು ಪುಸ್ತಕವಿತ್ತು. ಪುಟದಲ್ಲಿ ನಾಯಿಮನೆಯ ಚಿತ್ರ. ಅದರ ಬಾಗಿಲು ಕಾಗದದ್ದೇ, ಆದರೆ ಮೂರು ಕಡೆ ಕತ್ತರಿಸಿದ್ದು. ಉಗುರಿನಿಂದ ಎತ್ತಿದರೆ ಒಳಗಿನಿಂದ ನಾಯಿ ಇಣುಕುತ್ತಿತ್ತು.

ಮಾಸ್ತರರು ಬಾಗಿಲು ತೆಗೆದರು. ನಾಯಿ. ಮುಚ್ಚಿದರು. ಮತ್ತೆ ತೆಗೆದರು. ಮತ್ತೆ ನಾಯಿ. ಹನ್ನೊಂದನೆಯ ಸಲ ತೆಗೆದಾಗ ನವೊಮಿ ಟೀಚರು, “ಮಾಸ್ತರ್ರೇ, ಒಳಗ ಅದೇ ನಾಯಿ ಇರ್ತದ್ರಿ” ಎಂದು ಮೆತ್ತಗೆ ತಿಳಿಸಿದರು.

“ಗೊತ್ತದರಿ. ಆದ್ರೂ ತೆಗೀಬೇಕನಿಸ್ತದ ನೋಡ್ರಿ!” ಎಂದರು ಮಾಸ್ತರರು.

ಭಾಲ್ಕಿಗೆ ಮರಳುವ ಬಂಡಿಯಲ್ಲಿ ಅವರು ಸುಣ್ಣದ ಕಡ್ಡಿಯ ಗಂಟನ್ನು ಮರೆತರು, ಆದರೆ ಪುಸ್ತಕದ ವಿಚಾರವನ್ನು ಮರೆಯಲಿಲ್ಲ. ಕನ್ನಡದ ಒಂದೊಂದು ಅಕ್ಷರಕ್ಕೆ ಒಂದೊಂದು ಬಾಗಿಲು! ಹಳೆಯ ಲಗ್ನಪತ್ರಿಕೆಗಳು ಹಾಳೆಯಾದವು. ಹೆಂಡತಿ ಗುಂಡಮ್ಮ ಜೋಳದ ಹಿಟ್ಟು ಕುದಿಸಿ ಅಂಟು ಮಾಡಿದಳು. ‘ಹ’ ಬಾಗಿಲಿನ ಹಿಂದೆ, ಹುಲ್ಲಿನ ಮರೆಯಲ್ಲಿ, ಹುಲಿ. ‘ಚ’ದಲ್ಲಿ ಚಕ್ಕಡಿ, ಅದರ ಗಾಲಿ ತಿರುಗುತ್ತಿತ್ತು. ‘ಬ’ದಲ್ಲಿ ಬಾವಿ, ದಾರ ಎಳೆದರೆ ಕೊಡ ಮೇಲೆ ಬರುತ್ತಿತ್ತು. ‘ಉ’ದಲ್ಲಿ ಉಳ್ಳಾಗಡ್ಡಿ, ಸಿಪ್ಪೆಯ ಮೇಲೆ ಸಿಪ್ಪೆ ಎಂಬಂತೆ ಮೂರು ಬಾಗಿಲು ಸುಲಿದರೆ ಕೊನೆಗೆ ಕಣ್ಣೊರೆಸಿಕೊಳ್ಳುವ ಒಬ್ಬ ಹೆಣ್ಣುಮಗಳು. ಆಕೆ ತನ್ನ ಹಾಗೆಯೇ ಇದ್ದಾಳೆಂದು ಗುಂಡಮ್ಮ ಎರಡು ದಿನ ಮುನಿಸಿಕೊಂಡಿದ್ದಳು.

‘ಳ’ ಬಂದಾಗ ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರು.

“ಯಾಕ್ರಿ, ಏನಾಯ್ತು?”

“ಈ ಅಕ್ಷರದಿಂದ ಸುರು ಆಗೋ ಒಂದು ಶಬ್ದನೂ ಇಲ್ಲಲೇ. ಬಾಗಲ ತೆಗದ್ರ ಒಳಗ ಏನ್ ಇಡ್ಲಿ?”

ಅಂಟು ಹಚ್ಚುತ್ತ ಹಚ್ಚುತ್ತ ಅಕ್ಷರಗಳ ಗುರುತು ಹಿಡಿಯತೊಡಗಿದ್ದ ಗುಂಡಮ್ಮ, “ಮೊದಲಿಗಿ ಇಲ್ಲಂದ್ರ ನಡುವ ಇರ್ತದಲ್ರೀ. ಹೋಳಿಗಿ ಇಡ್ರಿ” ಎಂದಳು. ಮಾಸ್ತರರು ಆಕೆಯನ್ನು ಮೊದಲ ಸಲ ನೋಡುವವರಂತೆ ನೋಡಿ, ಹೋಳಿಗೆ ಬರೆದರು.

ಆ ಪುಸ್ತಕವನ್ನು ಸಾಲೆಗೆ ಒಯ್ದ ದಿನ ಒಬ್ಬರೂ ಆಕಳಿಸಲಿಲ್ಲ. ಮನೆಗೆ ಹೋಗುವ ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಗಂಟೆ ಕೆಟ್ಟಿತೇನೋ ಎಂದು ಸಿಪಾಯಿ ಬಂದು ಮತ್ತೊಮ್ಮೆ ಬಾರಿಸಿ ನೋಡಿದ.

ಇಷ್ಟಕ್ಕೇ ನಿಂತಿದ್ದರೆ ಇದು ಕಥೆಯಾಗುತ್ತಿರಲಿಲ್ಲ. ಒಂದೇ ಪ್ರತಿ ಎಷ್ಟು ಮಕ್ಕಳಿಗೆ ಸಾಕಾದೀತು? ಸ್ವಂತ ಖರ್ಚಿನಲ್ಲಿ ಕಲ್ಲಚ್ಚಿನಲ್ಲಿ ಇನ್ನೂರು ಪ್ರತಿ ಹಾಕಿಸಬೇಕೆಂದು ಮಾಸ್ತರರು ನಿಶ್ಚಯಿಸಿದರು. ಆದರೆ ಅವರು ಸರ್ಕಾರಿ ನೌಕರರು; ಪುಸ್ತಕ ಪ್ರಕಟಿಸಲು ಸರ್ಕಾರದ ಇಜಾಜತ್ ಬೇಕು, ಅದಕ್ಕೆ ಉರ್ದುವಿನಲ್ಲಿ ಅರ್ಜಿ ಬೇಕು. ತಹಶೀಲ್ ಕಚೇರಿಯ ಬೇವಿನ ಮರದ ಕೆಳಗೆ ಚಾಪೆ ಹಾಸಿ ಅರ್ಜಿ ಬರೆಯುತ್ತಿದ್ದ ನಿಜಾಮೋದ್ದೀನ ಸಾಹೇಬರ ಮುಂದೆ ಅವರು ಹೋಗಿ ಕೂತರು.

ನಿಜಾಮೋದ್ದೀನ ಸಾಹೇಬರು ವಿವರ ಕೇಳಿಕೊಂಡು, “ಮಾಮೂಲಿ ಕಿತಾಬ್ ಅದಲ್ರೀ. ಎರಡು ಸಾಲಿನ ಅರ್ಜಿ ಸಾಕು” ಎಂದರು.

ಆ ಕ್ಷಣ ಮನ್ಮಥಪ್ಪನವರ ಎದೆಯೊಳಗೆ ಗ್ರಂಥಕರ್ತನೊಬ್ಬ ಎದ್ದು ಕೂತ. “ಮಾಮೂಲಿ ಅನಬ್ಯಾಡ್ರಿ ಸಾಹೇಬ್ರೇ. ನಲವತ್ತೊಂಬತ್ತು ಬಾಗಲ ಅವರಿ! ಒಳಗ ಆನಿ, ಒಂಟಿ, ಹುಲಿ, ಎಮ್ಮಿ ಎಲ್ಲಾ ಅವ. ‘ಕಿತಾಬ್’ ಅಂದ್ರ ಭಾಳ ಸಣ್ಣದಾಗ್ತದ. ಒಂದು ಭಾರಿ ಶಬ್ದ ಹಾಕ್ರಿ.”

ಭಾರಿ ಶಬ್ದ ಕೇಳುವ ಗಿರಾಕಿ ನಿಜಾಮೋದ್ದೀನ ಸಾಹೇಬರಿಗೆ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಅವರ ಕಣ್ಣು ತೇವವಾಯಿತು. ಲೇಖನಿ ಚೂಪು ಮಾಡಿಕೊಂಡು, ಬಳ್ಳಿ ಹಬ್ಬಿದಂಥ ಅಕ್ಷರಗಳಲ್ಲಿ ಮೂರು ಹಾಳೆ ತುಂಬಿಸಿದರು. ‘ಕಿತಾಬ್’ ಇದ್ದಲ್ಲೆಲ್ಲ ‘ಕಿತಾಬಖಾನಾ’ ಎಂದು ಬರೆದರು. ಕಿತಾಬ್ ಎಂದರೆ ಪುಸ್ತಕ. ಕಿತಾಬಖಾನಾ ಎಂದರೆ ಪುಸ್ತಕಗಳನ್ನು ಇಡುವ ಕಟ್ಟಡ. ಹೀಗೆ, ಭಾಲ್ಕಿಯ ಮಾಸ್ತರನೊಬ್ಬ ಸ್ವಂತ ಖರ್ಚಿನಲ್ಲಿ, ಮಕ್ಕಳ ಹಿತಕ್ಕಾಗಿ, ನಲವತ್ತೊಂಬತ್ತು ಬಾಗಿಲಿನ ಕಿತಾಬಖಾನೆ ಹೊರತರಲಿದ್ದು, ಬಾಗಿಲಿಗೊಂದರಂತೆ ಆನೆ, ಒಂಟೆ, ಹುಲಿ ಮುಂತಾದವು ಇರುವುವೆಂದೂ, ಮಕ್ಕಳು ಸ್ವಹಸ್ತದಿಂದ ಬಾಗಿಲು ತೆರೆಯುವರೆಂದೂ ಅರ್ಜಿ ತಯಾರಾಯಿತು. ಸಾಹೇಬರು ಅದನ್ನು ರಾಗವಾಗಿ ಓದಿದರು. ನಾಲ್ಕನೆಯ ಇಯತ್ತೆಯ ಉರ್ದು ಬಲ್ಲ ಮಾಸ್ತರರಿಗೆ ತಮ್ಮ ಹೆಸರೊಂದು ಬಿಟ್ಟು ಏನೂ ತಿಳಿಯಲಿಲ್ಲ. ಆದರೂ ‘ವಾಹ್ ವಾಹ್’ ಎಂದು ರುಜು ಹಾಕಿದರು.

ಅರ್ಜಿಯನ್ನು ಓದಿದ ಮೊದಲ ಮನುಷ್ಯ ತಹಶೀಲಿನ ಪೇಶಕಾರ, ಅಂದರೆ ತಹಶೀಲ್ದಾರ ಸಾಹೇಬರ ಮುಂದೆ ಕಾಗದಪತ್ರ ಮಂಡಿಸುವ ಗುಮಾಸ್ತ. ಆತ ಸಿಪಾಯಿಗೆ ಹೇಳಿದ. ಸಿಪಾಯಿ ಬಾವಿಕಟ್ಟೆಯಲ್ಲಿ ಹೇಳಿದ. ಬಾವಿಕಟ್ಟೆಯಿಂದ ಮುಂದೆ ಸುದ್ದಿಗೆ ಸಿಪಾಯಿಯ ಸಹಾಯ ಬೇಕಾಗಲಿಲ್ಲ.

ಮಗ್ಗುಲ ಮನೆಯ ಲಲಿತಾಬಾಯಿ ಮರುದಿನ ಮುಂಜಾನೆಯೇ ಬಂದು ಅಂಗಳದಲ್ಲಿ ನಿಂತಳು. ಆಕೆಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಎಮ್ಮೆ.

“ಮಾಸ್ತರ್ರೇ, ನಲವತ್ತೊಂಬತ್ತು ಬಾಗಲ ಅಂತಲ್ರೀ? ಖರೇನ್ರಿ?”

ತಮ್ಮ ಗ್ರಂಥದ ಕೀರ್ತಿ ಇಷ್ಟು ಬೇಗ ಹಬ್ಬಿತಲ್ಲ ಎಂದು ಮಾಸ್ತರರು ಉಬ್ಬಿದರು. “ಖರೇನೇರಿ. ಒಂದು ಕಮ್ಮಿ ಮಾಡ್ಲಿಕ್ಕೂ ಬರಂಗಿಲ್ರಿ.”

“ಅದರಾಗ ಹುಲಿನೂ ಅದಂತ?”

“ಅದರಿ. ಹುಲ್ಲಿನ ಹಿಂದ ಕುಂದ್ರಿಸೀನಿ. ಸಣ್ಣ ಮಕ್ಕಳು ತಾವೇ ಬಾಗಲ ತೆಗೀತಾರ, ಗಪ್ಪನೆ ಹುಲಿ ಕಾಣ್ತದ. ಏನ್ ಖುಷಿ ಪಡ್ತಾರಂತೀರಿ!”

“ಯವ್ವಾ! ಹುಲಿ ಮಕ್ಕಳಿಗಿ ಏನೂ ಮಾಡಂಗಿಲ್ಲೇನ್ರಿ?”

“ಅದೇನ್ ಮಾಡ್ತದ್ರಿ? ಮಕ್ಕಳೇ ಅದಕ್ಕ ಮಾಡ್ತಾರ. ಹ್ವಾದ ವಾರ ಒಬ್ಬವ ಅದರ ಬಾಲಾನೇ ಹರದ. ಗುಂಡಮ್ಮ ಹಿಟ್ಟು ಹಚ್ಚಿ ಅಂಟಿಸ್ಯಾಳ.”

ಲಲಿತಾಬಾಯಿ ಗುಂಡಮ್ಮನ ಕಡೆ ನೋಡಿದಳು. ಹುಲಿಯ ಬಾಲವನ್ನು ಹಿಟ್ಟು ಹಚ್ಚಿ ಅಂಟಿಸಿದ ಆ ಹೆಣ್ಣುಮಗಳು ಶಾಂತವಾಗಿ ರೊಟ್ಟಿ ಬಡಿಯುತ್ತಿದ್ದಳು. ಲಲಿತಾಬಾಯಿ ಸುಮ್ಮನೆ ಕೈಮುಗಿದು ಹೋಗಿ, ಎಮ್ಮೆಯನ್ನು ಅಂಗಳದಿಂದ ಬಿಚ್ಚಿ ಮನೆಯ ನಡುಮನೆಯಲ್ಲಿ ಕಟ್ಟಿಕೊಂಡಳು.

ಸುದ್ದಿ ಔರಾದನ್ನು ಮುಟ್ಟಲು ಮೂರು ದಿನ ಹಿಡಿಯಿತು. ಅದಾದ ವಾರಕ್ಕೆ ಮನ್ಮಥಪ್ಪನವರ ಮನೆಯ ಮುಂದೆ ಎರಡು ಬಂಡಿ ಬಂದು ನಿಂತವು. ಎರಡರ ತುಂಬ ತೇಗದ ಹಲಗೆ. ಮುಂದಿನ ಬಂಡಿಯ ಮೇಲೆ ರೇಷ್ಮೆ ರುಮಾಲು ಸುತ್ತಿದ ಮಾವ ಮಲ್ಲಿಕಾರ್ಜುನಪ್ಪ; ಹಿಂದಿನದರಲ್ಲಿ ಉಳಿ-ಗರಗಸದ ಪೆಟ್ಟಿಗೆ ಹಿಡಿದ ಬಡಿಗ ಸುಭಾನ.

ಆರು ವರ್ಷದ ಮೇಲೆ ಮಾವ ಬಂದಿದ್ದಾರೆ! ಗುಂಡಮ್ಮ ತಂದೆಯ ಕಾಲಿಗೆ ಒಂದು ತಂಬಿಗೆ ಸಾಲದೆಂದು ಮೂರು ತಂಬಿಗೆ ನೀರು ಕೊಟ್ಟಳು. ಮಲ್ಲಿಕಾರ್ಜುನಪ್ಪ ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಆ ಹೆಗಲಿಗೆ ಅದು ಹೊಸ ಅನುಭವ.

“ಮನ್ಮಥಪ್ಪ, ನಿನಗ ಏನೇನರೆ ಅಂದೀನಿ. ಅದೆಲ್ಲಾ ಮರತುಬಿಡು. ಡಾಬಕಾದಾಗಿನ ಹೊಲದಾಗ ನಮ್ಮಪ್ಪ ಹಚ್ಚಿದ ತೇಗ ಇದ್ದವು. ಇಂಥ ಘನಕಾರ್ಯಕ್ಕಲ್ಲದೆ ಇನ್ಯಾತಕ್ಕ ಅಂತ ಕಡಿಸಿಬಿಟ್ಟೆ. ಹೇಳು, ಬಾಗಲ ಎಷ್ಟ ದಪ್ಪ ಇರ್ಲಿ?”

“ದಪ್ಪ ಬ್ಯಾಡ್ರಿ ಮಾವಾರೇ. ತೆಳ್ಳಗಿರಬೇಕು. ಉಗುರಿಲಿಂದ ಎತ್ತಿದ್ರ ಏಳಬೇಕ್ರಿ.”

ಬಡಿಗ ಸುಭಾನ ತನ್ನ ಉಗುರು ನೋಡಿಕೊಂಡ. “ಕೀಲು ಯಾವ ನಮೂನಿ ಇಡಲ್ರಿ ಮಾಸ್ತರ್?”

“ಕೀಲು ಯಾತಕ್ಕೋ? ಮಡಚಿದ್ರ ಆತು.”

“ತೇಗ ಮಡಚೂದ್ರಿ?”

“ತೇಗ ಯಾತಕ್ಕ ಬೇಕಾಗ್ಯದ ಅಂತ ನನಗೂ ತಿಳೀವಲ್ದು” ಎಂದರು ಮಾಸ್ತರರು. ಮಾವ ನಕ್ಕರು. ದೊಡ್ಡ ಕೆಲಸ ಮಾಡುವವರು ಹೀಗೆ ಒಗಟಾಗಿ ಮಾತಾಡುತ್ತಾರೆಂದು ಅವರಿಗೆ ಗೊತ್ತಿತ್ತು. ಮಾವ ಹೊಸ ಕಪಾಟು ಮಾಡಿಸಿ ಕೊಡಲು ಬಂದಿರಬೇಕೆಂದು ಅಳಿಯ ತಿಳಿದ. ಇಬ್ಬರೂ ಒಟ್ಟಿಗೆ ಕೂತು, ಪರಮ ಸಂತೋಷದಿಂದ, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಊಟ ಮಾಡಿದರು.

ಊಟ ಮುಗಿಯುವಷ್ಟರಲ್ಲಿ ತಹಶೀಲ್ದಾರ ಸಾಹೇಬರೇ ಬಂದರು. ಹಿಂದೆ ಫೈಲು ಹಿಡಿದ ಪೇಶಕಾರ, ಅವನ ಹಿಂದೆ ಜಾಗ ಅಳೆಯುವ ಸರಪಳಿ ಹೊತ್ತ ಆಳು, ಅವನ ಹಿಂದೆ ಅರ್ಧ ಭಾಲ್ಕಿ.

“ಮಾಸ್ತರ್, ಹುಲಿಯನ್ನ ಎಲ್ಲಿ ಇಡ್ತೀರಿ?” ಎಂದು ಸಾಹೇಬರು ನೇರವಾಗಿ ಕೇಳಿದರು.

“ಕಡೀಗಿರಿ ಹುಜೂರ್. ‘ಸ’ ಆದ ಮ್ಯಾಲ.”

“ಯಾವ ಕಡೀಗಿ? ಪೂರ್ವಕ್ಕೋ ಪಶ್ಚಿಮಕ್ಕೋ?”

“ನಲವತ್ತೆಂಟನೇ ಪುಟದಾಗ್ರಿ.”

ಪುಟ ಎಂಬ ಶಬ್ದ ಬಿದ್ದದ್ದೇ ಆಳು ಹೆಗಲ ಮೇಲಿನ ಸರಪಳಿಯನ್ನು ಕೆಳಗಿಟ್ಟ. ಮಾಸ್ತರರು ಒಳಗೆ ಹೋಗಿ ಲಗ್ನಪತ್ರಿಕೆಯ ಪುಸ್ತಕ ತಂದು ಸಾಹೇಬರ ಕೈಗಿಟ್ಟರು. “ಇದೇರಿ ಹುಜೂರ್, ನಾ ಅರ್ಜಿ ಹಾಕಿದ್ದು.”

ತಹಶೀಲ್ದಾರರು ಪುಸ್ತಕ ನೋಡಿದರು. ಸರಪಳಿ ನೋಡಿದರು. ತೇಗ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು, “ಯಾ ಅಲ್ಲಾಹ್, ನಾ ಬೀದರಕ್ಕ ಶಿಫಾರಸು ಕಳಿಸಿಬಿಟ್ಟೀನಿ” ಎಂದರು.

ಆದದ್ದಿಷ್ಟು. ತಮ್ಮ ತಾಲೂಕಿನಲ್ಲಿ ಇಂಥದೊಂದು ಕಿತಾಬಖಾನೆ ಆಗುವುದು ತಮ್ಮ ಕಾರ್ಯದಕ್ಷತೆಗೂ ಶೋಭೆ ಎಂದು ಸಾಹೇಬರು ಸ್ಥಳ ನೋಡದೆಯೇ ಬೀದರಕ್ಕೆ ಬರೆದಿದ್ದರು. ಅಲ್ಲಿಂದ, ಸಾಲೆಗಳ ಮೇಲಧಿಕಾರಿಗಳಾದ ಮುಹತಮಿಮ ಸಾಹೇಬರು ಬರುವ ಗುರುವಾರ ಸ್ವತಃ ಬಂದು ನೋಡುತ್ತಾರೆಂದು ಅದೇ ದಿನ ಮುಂಜಾನೆ ಜವಾಬು ಬಂದಿತ್ತು. ನಡುವೆ ಉಳಿದದ್ದು ಐದು ದಿನ.

“ಗುರುವಾರ ಇಲ್ಲಿ ಕಿತಾಬಖಾನಾ ಇಲ್ಲಂದ್ರ ನಿನ್ನ ನೌಕರಿ ಹೋಗ್ತದ, ನನ್ನ ಇಜ್ಜತ್ ಹೋಗ್ತದ” ಎಂದರು ಸಾಹೇಬರು.

ಮಾಸ್ತರರಿಗೆ ನೌಕರಿಗಿಂತ ಹೆಚ್ಚು ಚುಚ್ಚಿದ್ದು ಮಾವನ ಮುಖ. ಮಲ್ಲಿಕಾರ್ಜುನಪ್ಪ ತಮ್ಮಪ್ಪ ನೆಟ್ಟ ತೇಗದ ಮೇಲೆ ಕೂತು, “ಕಾಗದ? ಬರೇ ಕಾಗದ?” ಎಂದು ಹಲಗೆಯನ್ನು ಸವರುತ್ತಿದ್ದರು. ರೇಷ್ಮೆ ರುಮಾಲು ಒಂದು ಕಡೆ ಜಾರಿತ್ತು. ಬಂಡಿ ಹೂಡಲು ಅವರು ಇನ್ನೇನು ಕೈ ಎತ್ತಬೇಕು, ಅಷ್ಟರಲ್ಲಿ ಗುಂಡಮ್ಮ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಿಂದ ಈಚೆ ಬಂದಳು.

“ಸಾಹೇಬ್ರಿಗಿ ಕಿತಾಬಖಾನಾ ಬೇಕು. ಅಪ್ಪನ ತೇಗ ಹಾಳಾಗಬಾರದು. ಇವರದು ನೌಕರಿ ಉಳೀಬೇಕು. ಹೌದಲ್ರೀ? ಸಾಲಿ ಪಡಸಾಲಿ ಕಂಬಕ್ಕ ಹಲಗಿ ಹೊಡದು ಎರಡೂ ಕಡಿ ಗ್ವಾಡಿ ಮಾಡ್ರಿ. ಅದಕ್ಕ ನಲವತ್ತೊಂಬತ್ತು ಸಣ್ಣ ಸಣ್ಣ ಬಾಗಲ. ಮ್ಯಾಲ ಅಕ್ಷರ ಬರೀರಿ. ಹಿಂದ ಒಬ್ಬೊಬ್ರು ಒಂದೊಂದು ಸಾಮಾನ ಹಿಡಕೊಂಡು ಕುಂದರ್ಲಿ. ಪುಸ್ತಕಾನೇ ಅದು, ದೊಡ್ಡದು ಅಷ್ಟೇ.”

ಎಲ್ಲರೂ ಸುಭಾನನ ಕಡೆ ತಿರುಗಿದರು. ಆತ ಬೆರಳೆಣಿಸಿ, “ಊರವ್ರು ಕೈ ಹಚ್ಚಿದ್ರ ಆಗ್ತದ್ರಿ” ಎಂದ.

ಊರವರು ಕೈ ಹಚ್ಚಿದರು. ಯಾಕೆ ಹಚ್ಚಿದರೆಂದು ಕೇಳಿದರೆ ಕಾರಣ ಹೇಳುವುದು ಕಷ್ಟ. ಹುಲಿ ಬರುವುದಿಲ್ಲ ಎಂಬ ನೆಮ್ಮದಿಯೊಂದು ಕಡೆ, ತಮ್ಮ ಮಗನೇ ಹುಲಿಯಾಗಬಹುದೆಂಬ ಆಸೆಯೊಂದು ಕಡೆ. ಐದು ದಿನ ಸಾಲೆಯ ಅಂಗಳದಲ್ಲಿ ಗರಗಸದ ಸಪ್ಪಳ ನಿಲ್ಲಲಿಲ್ಲ. ಮಲ್ಲಿಕಾರ್ಜುನಪ್ಪ ರುಮಾಲು ತೆಗೆದಿಟ್ಟು ತಾವೇ ಕೀಲು ಬಡಿದರು. ಬೀದರದಿಂದ ನವೊಮಿ ಟೀಚರು ಬಣ್ಣದ ಡಬ್ಬಿಗಳೊಂದಿಗೆ, ಮಾಸ್ತರರು ಅಂದು ಬಂಡಿಯಲ್ಲಿ ಬಿಟ್ಟು, ಬಂಡಿಯವನು ಆಕೆಗೆ ಮುಟ್ಟಿಸಿದ್ದ ಸುಣ್ಣದ ಕಡ್ಡಿಯ ಗಂಟನ್ನೂ ತಂದುಕೊಟ್ಟು, ಬಾಗಿಲುಗಳ ಮೇಲೆ ಅಕ್ಷರ ಬಿಡಿಸಿದರು. ಸಾಲೆಯ ಮಕ್ಕಳು ನಲವತ್ತೆರಡೇ ಇದ್ದುದರಿಂದ ಉಳಿದ ಏಳು ಬಾಗಿಲಿಗೆ ದೊಡ್ಡವರನ್ನು ಹಾಕಬೇಕಾಯಿತು. ‘ಳ’ದ ಹಿಂದೆ ಹೋಳಿಗೆಯ ತಟ್ಟೆ ಹಿಡಿದು ಗುಂಡಮ್ಮ. ‘ಅ’ದ ಹಿಂದೆ ಓಣಿಯ ಅತ್ಯಂತ ಹಿರಿಯ ಅಜ್ಜಿ. ‘ಎ’ದ ಹಿಂದೆ ಎಮ್ಮೆಯೇ ನಿಲ್ಲಬೇಕೆಂದು ಲಲಿತಾಬಾಯಿ ಹಟ ಹಿಡಿದಳು. “ಹತ್ತು ದಿವಸ ಮನಿಯೊಳಗ ಕಟ್ಟಿಕೊಂಡು ಕುಂತೀನ್ರಿ. ಅದಕ್ಕೂ ಒಂದು ಮಾನ ಆಗಲಿ” ಎಂಬುದು ಆಕೆಯ ವಾದ.

ಗುರುವಾರ ಮುಹತಮಿಮ ಸಾಹೇಬರು ಬಂದರು. ಎತ್ತರದ, ಬಿಗಿದ ತುಟಿಯ, ಕರಿ ಶೇರವಾನಿಯ ಮನುಷ್ಯ. ಪಡಸಾಲೆಯ ಉದ್ದಕ್ಕೂ ಎದುರುಬದುರು ಎರಡು ಸಾಲಾಗಿ ಮುಚ್ಚಿದ ಬಾಗಿಲುಗಳನ್ನು ನೋಡಿ, “ಇದೇ ಕಿತಾಬಖಾನೆಯೇ?” ಎಂದು ಉರ್ದುವಿನಲ್ಲಿ ಕೇಳಿದರು. ತಹಶೀಲ್ದಾರರು ಕೆಮ್ಮಿದರು.

ಸಾಹೇಬರು ಮೊದಲನೆಯ ಬಾಗಿಲು ತೆಗೆದರು.

ಅಜ್ಜಿ ‘ಅ, ಅಜ್ಜಿ’ ಎಂದು ಒದರಬೇಕಿತ್ತು. ನಾಲ್ಕು ದಿನ ಅಭ್ಯಾಸವೂ ಆಗಿತ್ತು. ಆದರೆ ಬಾಗಿಲು ತೆರೆದಾಗ ಕಂಡ ಹೊಸ ಮುಖವನ್ನು ಆಕೆ ಕಣ್ಣು ಕಿರಿದು ಮಾಡಿ ನೋಡಿ, ಅಭ್ಯಾಸವನ್ನೆಲ್ಲ ಮರೆತು, “ಯಾರ ಮಗಪ್ಪಾ ನೀನು?” ಎಂದಳು.

ತಹಶೀಲ್ದಾರರು ಕಣ್ಣು ಮುಚ್ಚಿದರು. ಮುಹತಮಿಮ ಸಾಹೇಬರು ಪೇಶಕಾರನ ಕಡೆ ತಿರುಗಿದರು; ಆತ ಮಾತನ್ನು ಉರ್ದುವಿಗೆ ಹೊರಳಿಸಿದ. ಇಂಥ ಪ್ರಶ್ನೆಯನ್ನು ಆ ಸಾಹೇಬರಿಗೆ ಯಾರಾದರೂ ಕೇಳಿ ಬಹಳ ವರ್ಷಗಳಾಗಿದ್ದಿರಬೇಕು. ಬಿಗಿದ ತುಟಿ ಸ್ವಲ್ಪ ಸಡಿಲಿತು.

“ಸಕೀನಾಳ ಮಗ” ಎಂದರು.

“ಚಲೋ ಆಯ್ತು. ಉಂಡ ಹೋಗು” ಎಂದು ಅಜ್ಜಿ ತಾನೇ ಬಾಗಿಲು ಮುಚ್ಚಿಕೊಂಡಳು.

ಆಮೇಲೆ ಸಾಹೇಬರನ್ನು ಹಿಡಿಯುವುದೇ ಕಷ್ಟವಾಯಿತು. ಒಂದು ಬಾಗಿಲು ತೆಗೆಯುವರು, ಒಳಗಿನಿಂದ ಒಂದು ಮುಖ ‘ಕ, ಕೌದಿ’ ಎಂದು ಕೂಗುವುದು. ಮುಚ್ಚುವರು, ಮುಂದಿನದಕ್ಕೆ ಹೋಗುವರು. ಸಾಲಿನ ಕಡೆಗೆ ಬಂದು ‘ಹ’ ತೆಗೆದಾಗ, ಮೈತುಂಬ ಅರಿಷಿಣ-ಮಸಿ ಬಳಿದುಕೊಂಡಿದ್ದ ಹುಲಿ ಎಷ್ಟು ಶ್ರದ್ಧೆಯಿಂದ ಗರ್ಜಿಸಿತೆಂದರೆ, ಪೇಶಕಾರ ಹಿಂದೆ ಹಾರಿದ. ಹಾರಿದವನ ಬೆನ್ನು ಎದುರು ಸಾಲಿನ ‘ಎ’ ಬಾಗಿಲಿಗೆ ಬಡಿಯಿತು. ಬಾಗಿಲು ತೆರೆಯಿತು. ಮುಂಜಾನೆಯಿಂದ ಉಪವಾಸವಿದ್ದ ಎಮ್ಮೆ ಕತ್ತು ಚಾಚಿ, ಅವನ ಕೈಯಲ್ಲಿದ್ದ ಫೈಲನ್ನು ಬಹಳ ಮರ್ಯಾದೆಯಿಂದ ಬಾಯಿಗೆ ಹಾಕಿಕೊಂಡಿತು.

ಅರ್ಜಿ, ಶಿಫಾರಸು, ಜವಾಬು, ನಿಜಾಮೋದ್ದೀನ ಸಾಹೇಬರ ಮೂರು ಹಾಳೆ, ಎಲ್ಲವೂ ಸಾವಕಾಶವಾಗಿ ಒಳಗೆ ಹೋದವು. ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ. ತಹಶೀಲ್ದಾರರಿಗಂತೂ ಮನಸ್ಸೇ ಆಗಲಿಲ್ಲ.

“ಆ ಫೈಲಿನಲ್ಲಿ ಏನಿತ್ತು?” ಎಂದರು ಮುಹತಮಿಮ ಸಾಹೇಬರು.

ತಹಶೀಲ್ದಾರರು ಸುಮ್ಮನಿರೆಂದು ಹುಬ್ಬಿನಿಂದ ಸನ್ನೆ ಮಾಡಿದರು. ಆದರೆ ಮನ್ಮಥಪ್ಪ ಮಾಸ್ತರರಿಗೆ ಸನ್ನೆ ತಿಳಿಯುತ್ತಿದ್ದರೆ ಅವರ ಜೀವನ ಬೇರೆ ರೀತಿ ಇರುತ್ತಿತ್ತು. ಅವರು ಮುಂದೆ ಬಂದು, ಕೈಮುಗಿದು, ಮುರುಕು ಉರ್ದುವಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು: ಪುಸ್ತಕ ಕಾಗದದ್ದೆಂದೂ, ಭಾರಿ ಶಬ್ದ ಬೇಡಿದ್ದು ತಾವೇ ಎಂದೂ, ತಪ್ಪು ಬೇರೆ ಯಾರದೂ ಅಲ್ಲವೆಂದೂ. ಹೇಳಿ, ಲಗ್ನಪತ್ರಿಕೆಯ ಪುಸ್ತಕವನ್ನು ಎರಡೂ ಕೈಯಿಂದ ಮುಂದೆ ಹಿಡಿದರು.

ಸಾಹೇಬರು ನಿಂತಲ್ಲೇ ಉಳ್ಳಾಗಡ್ಡಿ ಸುಲಿದರು. ಒಂದು ಬಾಗಿಲು. ಎರಡು. ಮೂರು. ಕಣ್ಣೊರೆಸಿಕೊಳ್ಳುವ ಹೆಣ್ಣುಮಗಳನ್ನು ನೋಡಿ, ಮುಚ್ಚಿ, ಮತ್ತೆ ಮೊದಲಿನಿಂದ ಸುಲಿದರು. ಪಡಸಾಲೆಯ ಹಲಗೆಯ ಹಿಂದೆ ನಲವತ್ತೆಂಟು ಮಂದಿ ಉಸಿರು ಬಿಗಿಹಿಡಿದು ಕೂತಿದ್ದರು. ನಲವತ್ತೊಂಬತ್ತನೆಯದು ಮೆಲುಕು ಹಾಕುತ್ತಿತ್ತು.

“ಹೊಸ ಅರ್ಜಿ ಬರೆಸಿರಿ” ಎಂದರು ಸಾಹೇಬರು. “ಒಂದೇ ಸಾಲು. ‘ಮಕ್ಕಳಿಗಾಗಿ ಒಂದು ಪುಸ್ತಕ ಅಚ್ಚು ಹಾಕಿಸಲು ಅಪ್ಪಣೆಯಾಗಬೇಕು.’ ಇಲ್ಲಿಯೇ ರುಜು ಹಾಕುತ್ತೇನೆ.”

ನಿಜಾಮೋದ್ದೀನ ಸಾಹೇಬರನ್ನು ಕರೆಸಿ ಬರೆಸಲಾಯಿತು. ಇಷ್ಟು ಬಡ ಅರ್ಜಿಯನ್ನು ಅವರು ಜನ್ಮದಲ್ಲಿ ಬರೆದಿರಲಿಲ್ಲ. ಕಡೆಯ ಅಕ್ಷರಕ್ಕಾದರೂ ಒಂದು ಬಳ್ಳಿ ಬಿಡಲೇ ಎಂದು ಕಣ್ಣಿನಲ್ಲೇ ಕೇಳಿದರು. ಮಾಸ್ತರರು ಬೇಡವೆಂದು ಕೈಮುಗಿದರು.

ರುಜುವಾಯಿತು. ಹಲಗೆಯ ಗೋಡೆ ಸಾಲೆಗೇ ಉಳಿಯಲಿ ಎಂದು ಅಪ್ಪಣೆಯೂ ಆಯಿತು. ಹೊರಡುವ ಮುಂಚೆ ಮುಹತಮಿಮ ಸಾಹೇಬರು, ಅಜ್ಜಿ ಹೇಳಿದಂತೆ, ‘ಳ’ದ ಬಾಗಿಲಿನ ಮುಂದೆ ನಿಂತು ಎರಡು ಹೋಳಿಗೆ ತಿಂದರು.

ಉಳಿದ ತೇಗವನ್ನು ಮಲ್ಲಿಕಾರ್ಜುನಪ್ಪನವರು ಬೀದರದ ಕಲ್ಲಚ್ಚಿನವನಿಗೆ ಒಪ್ಪಿಸಿ ಅಚ್ಚಿನ ಖರ್ಚು ತೀರಿಸಿದರು. ಅಚ್ಚಾದ ಹಾಳೆಗಳೇನೋ ಬಂದವು. ಆದರೆ ಒಂದೊಂದು ಪ್ರತಿಗೆ ನಲವತ್ತೊಂಬತ್ತು ಬಾಗಿಲಿನಂತೆ ಇನ್ನೂರು ಪ್ರತಿಗೆ ಬಾಗಿಲು ಕೊರೆಯುವವರು ಯಾರೆಂದು ಮಾಸ್ತರರು ಯೋಚಿಸಿಯೇ ಇರಲಿಲ್ಲ. ಲೆಕ್ಕ ಹಾಕಿ ನೋಡಿ ಅವರು ಹಾಳೆಗಳ ಗಂಟಿನ ಮೇಲೆ ಕೂತುಬಿಟ್ಟರು. ಆಗ ಸುಭಾನ ತನ್ನ ಅತಿ ಸಣ್ಣ ಉಳಿ ತಂದ. ಹತ್ತು ಹಾಳೆ ಒಟ್ಟಿಗೆ ಇಟ್ಟು ಮೂರು ಏಟು, ಹತ್ತು ಬಾಗಿಲು. ಲಲಿತಾಬಾಯಿ ಅಂಟು ಕುದಿಸಿದಳು. ನವೊಮಿ ಟೀಚರ ಸಾಲೆಯ ಹೆಣ್ಣುಮಕ್ಕಳು ಚಕ್ಕಡಿಗೆ ಗಾಲಿ ಸಿಕ್ಕಿಸಿದರು. ಪೇಶಕಾರ ಕೂಡ ಒಂದು ಶುಕ್ರವಾರ ಬಂದು, ಹುಲಿಯ ಪುಟ ಬಿಟ್ಟು ಬೇರೆ ಯಾವುದಾದರೂ ಕೊಡಿರೆಂದು ಕೇಳಿ, ಬಾವಿಗೆ ದಾರ ಕಟ್ಟಿ ಹೋದ.

ಮಾಸ್ತರರಿಗೆ ಒಂದೇ ಹಂಬಲ ಉಳಿಯಿತು: ಇವರೆಲ್ಲರ ಉಪಕಾರವನ್ನು ಪುಸ್ತಕದಲ್ಲಿ ನೆನೆಯಬೇಕು. ಬರೆಯಲು ಕೂತರೆ ಹೆಸರುಗಳು ಮುಗಿಯಲೊಲ್ಲವು. ಬಿಡಿಸಿ ಬರೆದರೆ ಉಪಕಾರ ಸ್ಮರಣೆ ಪುಸ್ತಕಕ್ಕಿಂತ ದೊಡ್ಡದಾಗುವ ಲಕ್ಷಣ ಕಂಡಿತು. ಕೊನೆಗೆ ಕಡೆಯ ಪುಟದಲ್ಲಿ ಐವತ್ತನೆಯದಾಗಿ ಇನ್ನೊಂದು ಬಾಗಿಲು ಬಿಡಿಸಿ, ಅದರ ಹಿಂದೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಎಲ್ಲರ ಹೆಸರನ್ನೂ ಬರೆದರು. ತಮ್ಮ ಹೆಸರನ್ನು ಮಾತ್ರ ಮರೆತರು. ಇನ್ನೂರು ಪ್ರತಿಯೂ ಗ್ರಂಥಕರ್ತನ ಹೆಸರಿಲ್ಲದೆಯೇ ಹೊರಬಿದ್ದವು. ಅದು ಗೊತ್ತಾದ ದಿನ ಅವರು ಆ ಬಾಗಿಲನ್ನು ಮೂರು ಸಲ ತೆಗೆದು ನೋಡಿ, “ಬಿಡ್ರಿ, ಜಾಗಾನೇ ಇರಲಿಲ್ಲ” ಎಂದರು.

ಮೊದಲ ಪ್ರತಿಯನ್ನು ಗಂಡ-ಹೆಂಡತಿ ಔರಾದಿಗೆ ಒಯ್ದರು. ಈ ಸಲ ಮಾಸ್ತರರು ಸರಿಯಾದ ಮನೆಯನ್ನೇ ಹೊಕ್ಕರು, ಗುಂಡಮ್ಮ ಮುಂದೆ ನಡೆದದ್ದರಿಂದ.

ಮಲ್ಲಿಕಾರ್ಜುನಪ್ಪನವರಿಗೆ ತಮ್ಮ ಅಂಗಡಿಯ ಲೆಕ್ಕ ಬರೆಯುವ ಮರಾಠಿಯ ಮೋಡಿ ಲಿಪಿ ಬಿಟ್ಟರೆ ಬೇರೆ ಅಕ್ಷರ ಬಾರದು. ಅವರು ಒಂದೊಂದೇ ಬಾಗಿಲು ತೆಗೆಯುತ್ತ, ಮುಚ್ಚುತ್ತ, ಕಡೆಯದಕ್ಕೆ ಬಂದರು. ಅದರ ಹಿಂದೆ ಚಿತ್ರವಿರಲಿಲ್ಲ.

“ಇದೇನವ್ವಾ ಇದು, ಇರುವಿ ಸಾಲು?”

“ಹೆಸರಪ್ಪ. ಕೈ ಹಚ್ಚಿದವರದೆಲ್ಲಾ” ಎಂದಳು ಗುಂಡಮ್ಮ.

“ನಂದದ?”

ಮಾಸ್ತರರು ತೋರಿಸಲು ಬಗ್ಗಿದರು. ಅಷ್ಟರಲ್ಲಿ ಗುಂಡಮ್ಮ ತಂದೆಯ ಬೆರಳು ಹಿಡಿದು, ಸಾಲುಗಳ ಮೇಲೆ ಮೆಲ್ಲಗೆ ಸರಿಸುತ್ತ, ತುಟಿಯೊಳಗೇ ಒಂದೊಂದು ಅಕ್ಷರ ಕೂಡಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿದಳು. “ಮ... ಲ್ಲಿ... ಇದೇ ನೋಡಪ್ಪ.”

ಮಾಸ್ತರರು ಬಗ್ಗಿದವರು ಬಗ್ಗಿದಂತೆಯೇ ನಿಂತು ಹೆಂಡತಿಯನ್ನು ನೋಡಿದರು.

“ಇಷ್ಟ ಸಣ್ಣದ?” ಎಂದರು ಮಾವ.

“ಎಲ್ಲಾರದೂ ಅಷ್ಟೇ ಅದಪ್ಪ.”

ಮಲ್ಲಿಕಾರ್ಜುನಪ್ಪ ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತು ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಉಗುರಿನ ತುದಿಯಿಂದ ಮೆಲ್ಲಗೆ ಎತ್ತಿ, ಹೆಸರು ಅಲ್ಲೇ ಇದೆಯೇ ಎಂದು ಇಣುಕಿ ನೋಡಿದರು.